ವ್ಯೋಮಪಥದ ಸದ್ಗೃಹಸ್ಥ

ಸುರಪುರದಿಂದ ಶಹಾಪುರದ ಮಾರ್ಗವಾಗಿ ಯಾದಗಿರಿಯ ರೈಲು ನಿಲ್ದಾಣಕ್ಕೆ ನಾನು ಬಾಡಿಗೆಯ ಜೀಪು ಓಡಿಸುತ್ತಿದ್ದ ಕಾಲವೊಂದಿತ್ತು. ಒಮ್ಮೆ ಭೀಮಾ ಸೇತುವೆಯ ಬಳಿ ನನ್ನ ಪ್ರತಿಸ್ಪರ್ಧಿಯೊಬ್ಬನ ಗಾಡಿ ಕೆಟ್ಟು ನಿಂತಿತ್ತು. ಅವನು ಬೇಡಿದ್ದು ಒಂದೇ ಒಂದು ಸ್ಪಾರ್ಕ್ ಪ್ಲಗ್. ನನ್ನ ಪೆಟ್ಟಿಗೆಯಲ್ಲಿ ಎರಡಿದ್ದವು. ನಿಲ್ದಾಣದ ಪ್ರಯಾಣಿಕರೆಲ್ಲ ನನಗೇ ದೊರೆಯಲೆಂಬ ಲೋಭದಿಂದ ಇಲ್ಲವೆಂದು ಹೇಳಿ ಮುಂದೆ ಹೋದೆ. ಜೆ. ಆರ್. ಡಿ. ಟಾಟಾ ಅವರ ಚರಿತ್ರೆಯನ್ನು ಓದಿದಂದಿನಿಂದ ಆ ಮಧ್ಯಾಹ್ನದ ನೆನಪು ನನ್ನನ್ನು ಬಿಟ್ಟಿಲ್ಲ.

ಟಾಟಾ ಅವರು 1904ರಲ್ಲಿ ಪ್ಯಾರಿಸ್ ನಗರದಲ್ಲಿ ಜನಿಸಿದರು. ಭಾರತದಲ್ಲಿ ಕೊಡಲಾದ ಮೊದಲನೆಯ ವಿಮಾನಚಾಲಕ ಪರವಾನಗಿ 1929ರ ಫೆಬ್ರವರಿಯಲ್ಲಿ ಅವರ ಕೈಸೇರಿತು. ಭಾರತ ಮತ್ತು ಇಂಗ್ಲೆಂಡುಗಳ ನಡುವೆ ಒಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ ಆಗಾಖಾನರು 500 ಪೌಂಡುಗಳ ಬಹುಮಾನವನ್ನು ಸಾರಿದ್ದರು. 1930ರ ಮೇ ತಿಂಗಳಲ್ಲಿ ಟಾಟಾ ಕರಾಚಿಯಿಂದ ಹೊರಟರು. ಹದಿನೇಳರ ತರುಣ ಆಸ್ಪಿ ಇಂಜಿನಿಯರ್ ಇಂಗ್ಲೆಂಡಿನಿಂದ ಬರುತ್ತಿದ್ದ. ಈಜಿಪ್ತಿನ ಅಬೂಕೀರಿನಲ್ಲಿ ಇಬ್ಬರೂ ಸಂಧಿಸಿದರು. ಸ್ಪಾರ್ಕ್ ಪ್ಲಗ್ಗುಗಳಿಲ್ಲದೆ ಆ ತರುಣನ ವಿಮಾನ ನಿಂತುಬಿಟ್ಟಿತ್ತು. ಟಾಟಾ ತಮ್ಮಲ್ಲಿ ಹೆಚ್ಚಾಗಿದ್ದವನ್ನು ಕೂಡಲೇ ಕೊಟ್ಟರು. ಬಹುಮಾನ ಆಸ್ಪಿಯ ಪಾಲಾಯಿತು. ಅದೇ ಆಸ್ಪಿ 1960ರಲ್ಲಿ ಭಾರತದ ವಾಯುಪಡೆಯ ಮುಖ್ಯಸ್ಥರಾದರು.

ಔದಾರ್ಯವೊಂದೇ ಅಲ್ಲ, ಕಸಬಿನ ನಿಷ್ಠೆಯೂ ಅವರಲ್ಲಿ ಅಷ್ಟೇ ದೊಡ್ಡದು. 1932ರ ಅಕ್ಟೋಬರ್ 15ರಂದು ಒಂಟಿ ಎಂಜಿನಿನ ಪುಸ್ ಮಾತ್ ವಿಮಾನದಲ್ಲಿ ಕರಾಚಿಯ ಅಂಚೆಯನ್ನು ಅವರೇ ಅಹಮದಾಬಾದಿನ ಮೇಲೆ ಮುಂಬಯಿಗೆ ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಯಾದಗಿರಿಯ ಕಂಬಿಗಳ ಮೇಲೆ ಸಾಗುತ್ತಿದ್ದ ಮುಂಬಯಿ-ಮದರಾಸು ಅಂಚೆಗೆ ಆಕಾಶದಲ್ಲೊಂದು ಜೊತೆ ಹುಟ್ಟಿತು. ಹಾದಿ ತೋರಲು ರೇಡಿಯೋ ಇರಲಿಲ್ಲ; ಆದರೂ ಮಳೆಗಾಲದಲ್ಲಿಯೂ ಹೊತ್ತು ತಪ್ಪದೆ ಅಂಚೆ ಮುಟ್ಟುತ್ತಿತ್ತು.

1953ರಲ್ಲಿ ವಿಮಾನ ಸಂಸ್ಥೆಯನ್ನು ಸರ್ಕಾರ ವಹಿಸಿಕೊಂಡಿತು. ತಾವು ಕಟ್ಟಿದ್ದು ಕೈತಪ್ಪಿದರೂ ಮುನಿಸಿ ದೂರ ಸರಿಯದೆ, 1978ರವರೆಗೆ ಏರ್ ಇಂಡಿಯಾದ ಅಧ್ಯಕ್ಷರಾಗಿ ದುಡಿದರು. ಪ್ರಯಾಣದಲ್ಲಿ ಕಂಡ ಸಣ್ಣಪುಟ್ಟ ಕೊರತೆಗಳನ್ನೂ ಬರೆದು ತಿಳಿಸಿ ತಿದ್ದಿಸುವುದು ಅವರ ರೂಢಿಯಾಗಿತ್ತು. 1982ರಲ್ಲಿ, ಎಪ್ಪತ್ತೆಂಟರ ವಯಸ್ಸಿನಲ್ಲಿ, ಕರಾಚಿಯಿಂದ ಮುಂಬಯಿಗೆ ಮತ್ತೊಮ್ಮೆ ಒಂಟಿಯಾಗಿ ಹಾರಿಬಂದರು. 1992ರಲ್ಲಿ ಭಾರತರತ್ನರಾದರು, ಮರುವರ್ಷ ಜಿನೀವಾದಲ್ಲಿ ತೀರಿಕೊಂಡರು.

ವಿಮಾನವಿರಲಿ, ಬಾಡಿಗೆಯ ಜೀಪೇ ಇರಲಿ, ಹಾದಿಯ ಧರ್ಮ ಒಂದೇ: ಕೆಟ್ಟು ನಿಂತವನು ಮೊದಲು ಸಹಯಾತ್ರಿ, ಆಮೇಲೆ ಪ್ರತಿಸ್ಪರ್ಧಿ. ಭೀಮೆಯ ದಂಡೆಯಲ್ಲಿ ನಾನು ಬಿಟ್ಟುಹೋದವನಿಗೆ ಇಂದಿಗೂ ನಿಜವನ್ನು ಹೇಳಿಲ್ಲ. ಇದನ್ನು ಅವನು ಓದಿದರೆ ನನ್ನ ತಪ್ಪೊಪ್ಪಿಗೆಯೆಂದು ತಿಳಿಯಲಿ.