ಹಲ್ಲು ಕಟ್ಟಿದ ಹಕೀಮರು

ಈ ವರ್ಷ ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನದಲ್ಲಿ ಒಂದು ಚಾರ್ಟ್ ಇತ್ತು. ಅಬುಲ್ ಖಾಸಿಮ್ ಅಲ್-ಝಹ್ರಾವಿ ಅವರ ಹೆಸರಿನ ಕೆಳಗೆ, ಸಾವಿರ ವರ್ಷಗಳ ಹಿಂದೆಯೇ ಡೆಂಟಲ್ ಇಂಪ್ಲಾಂಟ್ ಮಾಡಿದವರು ಎಂದು ದಪ್ಪ ಅಕ್ಷರಗಳಲ್ಲಿ ಬರೆದಿತ್ತು. ನೋಡಿದವರೆಲ್ಲ ಫೋಟೋ ತೆಗೆದುಕೊಂಡರು. ಅವರು ನಿಜಕ್ಕೂ ಮಾಡಿದ್ದೇನು ಎಂದು ತಿಳಿಯಬೇಕೆಂಬ ಆಸೆ ನನಗೆ ಹುಟ್ಟಿದ್ದು ಅಲ್ಲಿಯೇ. ಸಿಕ್ಕಿದ್ದನ್ನೆಲ್ಲ ಓದಿದೆ. ಅವರು ಮಾಡಿದ್ದು ಇಂಪ್ಲಾಂಟ್ ಅಲ್ಲ. ಆದರೆ ಓದಿದ ಮೇಲೆ ಅವರ ಮೇಲಿನ ಗೌರವ ಹೆಚ್ಚಾಯಿತು.

ಸ್ಪೇನ್ ದೇಶದ ಬಹುಭಾಗಕ್ಕೆ ಆಗ ಅಂದಲುಸ್ ಎಂಬ ಹೆಸರು. ಅದರ ರಾಜಧಾನಿ ಕುರ್ತುಬಾ, ಈಗಿನ ಕಾರ್ಡೊಬಾ. 936ರಲ್ಲಿ ಮೂರನೇ ಅಬ್ದುರ್ರಹ್ಮಾನ್ ಅಲ್ಲಿಂದ ಸುಮಾರು ಎಂಟು ಕಿಲೋಮೀಟರ್ ದೂರದ ಬೆಟ್ಟದ ಬುಡದಲ್ಲಿ ಮದೀನತುಝ್ಝಹ್ರಾ ಎಂಬ ಹೊಸ ನಗರವನ್ನು ಕಟ್ಟಿಸಲು ಆರಂಭಿಸಿದರು. ಅಲ್-ಝಹ್ರಾವಿ ಹುಟ್ಟಿದ್ದೂ ಹೆಚ್ಚುಕಡಿಮೆ ಅದೇ ವರ್ಷ ಎನ್ನುತ್ತಾರೆ. ಅವರ ಹೆಸರಿನ ಕೊನೆಯ ಭಾಗ ಆ ನಗರದಿಂದಲೇ ಬಂದದ್ದು. ಮನೆತನ ಮದೀನಾದ ಅನ್ಸಾರ್‌ಗಳದ್ದು. ಅವರ ಜೀವನ ಕಥೆಗೆ ಇರುವ ದೊಡ್ಡ ಆಧಾರ ಅವರೇ ಬರೆದ ಗ್ರಂಥ. ರೋಗಿಗಳ ನಡುವೆ ಬದುಕಿದ ಮನುಷ್ಯ ಅಲ್ಲಿ ಕಾಣಿಸುತ್ತಾರೆ.

ಆ ಗ್ರಂಥವೇ ಕಿತಾಬುತ್ತಸ್ರೀಫ್. ಒಟ್ಟು 30 ಭಾಗಗಳು. ಸುಮಾರು 1000ನೇ ಇಸವಿಯ ಹೊತ್ತಿಗೆ ಮುಗಿದದ್ದು. ಔಷಧ, ಆಹಾರ, ರೋಗಲಕ್ಷಣ ಎಲ್ಲವೂ ಅದರಲ್ಲಿವೆ. ಕೊನೆಯ ಭಾಗ ಮಾತ್ರ ಪೂರ್ತಿ ಶಸ್ತ್ರಚಿಕಿತ್ಸೆಯದು. ಅದರಲ್ಲಿ ಮೊದಲು ಕಾಯಿಸಿದ ಕಬ್ಬಿಣದಿಂದ ಬರೆ ಹಾಕುವ ಚಿಕಿತ್ಸೆ, ನಂತರ ಕೊಯ್ದು ಮಾಡುವ ಚಿಕಿತ್ಸೆ, ಕೊನೆಗೆ ಮೂಳೆ ಕೂಡಿಸುವುದು. ಸುಮಾರು 200 ಉಪಕರಣಗಳ ಚಿತ್ರಗಳಿವೆ. ನೋಡಿ ಮಾಡಿಸಿಕೊಳ್ಳಲಿ ಎಂಬ ಉದ್ದೇಶದಿಂದ ಬರೆದ ಚಿತ್ರಗಳು ಅವು. ಶಿಷ್ಯರನ್ನು ಅವರು ಮಕ್ಕಳೇ ಎಂದು ಕರೆಯುತ್ತಾರೆ.

ಈ ಭಾಗವನ್ನು ಯಾಕೆ ಬರೆದರು ಎಂಬುದಕ್ಕೆ ಅವರೇ ಕಾರಣ ಕೊಡುತ್ತಾರೆ. ಅವರ ನಾಡಿನಲ್ಲಿ ಶಸ್ತ್ರಚಿಕಿತ್ಸೆ ಬಲ್ಲವರು ಇಲ್ಲವೇ ಇಲ್ಲ ಎನ್ನುವ ಸ್ಥಿತಿ ಬಂದಿತ್ತು. ದೇಹರಚನೆ ತಿಳಿಯದವರು ಕತ್ತಿ ಹಿಡಿಯುತ್ತಿದ್ದರು. ಒಬ್ಬ ವೈದ್ಯ ಒಬ್ಬ ಹೆಂಗಸಿನ ಕತ್ತಿನ ಗಡ್ಡೆ ಕೊಯ್ಯಲು ಹೋಗಿ ರಕ್ತನಾಳ ಕತ್ತರಿಸಿದ. ರಕ್ತ ಸುರಿದು ಆಕೆ ಅವನ ಕಣ್ಣೆದುರೇ ಸತ್ತಳು. ಇಂಥ ಪ್ರಸಂಗಗಳನ್ನು ಅವರು ಮುಚ್ಚಿಡದೆ ಬರೆದಿದ್ದಾರೆ. ಇದಕ್ಕೆ ಪ್ರತಿಯಾಗಿ ಇನ್ನೊಂದು ಪ್ರಸಂಗವೂ ಇದೆ. ಮನೆಗೆಲಸದ ದಾಸಿಯೊಬ್ಬಳು ಚಾಕುವಿನಿಂದ ತನ್ನ ಗಂಟಲನ್ನೇ ಕೊಯ್ದುಕೊಂಡಿದ್ದಳು. ಅಲ್-ಝಹ್ರಾವಿ ಗಾಯ ಹೊಲಿದು ಚಿಕಿತ್ಸೆ ಮಾಡಿದರು. ಅವಳು ಬದುಕಿದಳು, ಧ್ವನಿ ಮಾತ್ರ ಸ್ವಲ್ಪ ಒಡೆದಿತ್ತು. ಆಕೆಯ ಹೆಸರು ಗ್ರಂಥದಲ್ಲಿಲ್ಲ. ಆದರೂ ನನಗೆ ಇಡೀ ಗ್ರಂಥದಲ್ಲಿ ಮರೆಯಲಾಗದವಳು ಆಕೆಯೇ.

ಈಗ ಹಲ್ಲಿನ ವಿಷಯಕ್ಕೆ ಬರುತ್ತೇನೆ. ಶಸ್ತ್ರಚಿಕಿತ್ಸೆಯ ಎರಡನೇ ಭಾಗದಲ್ಲಿ ಹಲ್ಲಿನ ಅಧ್ಯಾಯಗಳು ಒಂದರ ಹಿಂದೆ ಒಂದು ಬರುತ್ತವೆ. ಮೊದಲನೆಯದು ಹಲ್ಲಿಗೆ ಅಂಟಿದ ಪಾಚಿ ಗಟ್ಟಿಯಾದರೆ ಕೆರೆದು ತೆಗೆಯುವುದು. ಅದಕ್ಕೇ ಬೇರೆ ಬೇರೆ ಆಕಾರದ 14 ಕೆರೆಯುವ ಸಾಧನಗಳನ್ನು ಅವರು ಬರೆದು ತೋರಿಸಿದ್ದಾರೆ. ಹಲ್ಲಿನ ಒಳಮೈಗೆ ಒಂದು, ಹೊರಮೈಗೆ ಒಂದು, ಸಂದಿಗೆ ಇನ್ನೊಂದು. ಇಂದು ದಂತವೈದ್ಯರು ಕ್ಲೀನಿಂಗ್ ಎನ್ನುವುದು ಇದನ್ನೇ.

ಮುಂದಿನದು ಹಲ್ಲು ಕೀಳುವುದು. ವಿಚಿತ್ರವೆಂದರೆ ಇದು ಶುರುವಾಗುವುದೇ ಕೀಳಬೇಡಿ ಎಂಬ ಅರ್ಥದಲ್ಲಿ. ಎಲ್ಲ ಔಷಧಗಳನ್ನೂ ಮಾಡಿ ನೋಡಿ, ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಕೀಳಬೇಕು, ಹೋದ ಹಲ್ಲಿಗೆ ಸಮನಾದದ್ದು ಯಾವುದೂ ಇಲ್ಲ ಎಂಬುದು ಅವರ ನಿಲುವು. ಆಮೇಲೆ ಅವರು ಕೊಡುವ ಎಚ್ಚರಿಕೆ ಎಂದರೆ ನೋಯುತ್ತಿರುವ ಹಲ್ಲು ಯಾವುದು ಎಂದು ಮೊದಲು ಖಚಿತ ಮಾಡಿಕೊಳ್ಳಬೇಕು. ನೋವು ರೋಗಿಯನ್ನು ಮೋಸಗೊಳಿಸುತ್ತದೆ. ಅವನು ಗಟ್ಟಿ ಹಲ್ಲನ್ನೇ ತೋರಿಸಿ ಕೀಳಿಸಿಕೊಳ್ಳುತ್ತಾನೆ, ನೋವು ಹಾಗೆಯೇ ಉಳಿಯುತ್ತದೆ. ಕ್ಷೌರಿಕರ ಕೈಯಲ್ಲಿ ಹೀಗಾಗುವುದನ್ನು ತಾವು ಕಂಡಿದ್ದಾಗಿ ಅವರು ಬರೆಯುತ್ತಾರೆ. ಇದನ್ನು ಓದುವಾಗ ನನಗೆ ನಗು ಬರಲಿಲ್ಲ. ನನ್ನ ನಾನಿಗೆ ಒಂದು ಶಿಬಿರದಲ್ಲಿ ಆದದ್ದು ಇದೇ. ಒಂದು ಹಲ್ಲು ಕಿತ್ತರು, ನೋವು ಹೋಗಲಿಲ್ಲ, ಮುಂದಿನ ವಾರ ಪಕ್ಕದ್ದನ್ನೂ ಕೀಳಿಸಬೇಕಾಯಿತು. ಇಂದು ಎಕ್ಸ್‌ರೇ ಇದೆ. ಅಂದು ಬೆರಳು, ಕಣ್ಣು ಮತ್ತು ತಾಳ್ಮೆ ಮಾತ್ರ ಇದ್ದವು.

ಹಲ್ಲು ಕಟ್ಟಿಸಿಕೊಂಡರು ಎಂದು ನಾವು ಕನ್ನಡದಲ್ಲಿ ಹೇಳುತ್ತೇವಲ್ಲ, ಅಲ್-ಝಹ್ರಾವಿ ಅಕ್ಷರಶಃ ಕಟ್ಟಿದರು. ಪೆಟ್ಟು ಬಿದ್ದು ಅಲುಗಾಡುವ ಹಲ್ಲುಗಳಿಗೆ ಅವರು ಹೇಳುವ ಕ್ರಮ ಹೀಗಿದೆ. ಹೆಚ್ಚು ದಪ್ಪವೂ ಅಲ್ಲದ, ಹೆಚ್ಚು ಸಣ್ಣದೂ ಅಲ್ಲದ ಚಿನ್ನದ ತಂತಿ ಬೇಕು. ಅದನ್ನು ಮಡಚಿ ಎರಡು ಗಟ್ಟಿ ಹಲ್ಲುಗಳ ನಡುವೆ ತೂರಿಸಿ, ಅಲುಗಾಡುವ ಹಲ್ಲುಗಳನ್ನು ಒಂದೊಂದಾಗಿ ಹೆಣೆಯುತ್ತ ಆಚೆ ಬದಿಯ ಗಟ್ಟಿ ಹಲ್ಲಿನವರೆಗೆ ಹೋಗಬೇಕು. ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು. ಕಟ್ಟು ಜಾರದಂತೆ ಹಲ್ಲಿನ ಬುಡದ ಹತ್ತಿರವೇ ಇರಬೇಕು. ಉಳಿದ ತಂತಿಯನ್ನು ಕತ್ತರಿಸಿ ಗಂಟನ್ನು ಸಂದಿಯಲ್ಲಿ ಅಡಗಿಸಬೇಕು, ನಾಲಿಗೆಗೆ ತಾಗಿ ಗಾಯವಾಗಬಾರದು. ಹಲ್ಲು ಪೂರ್ತಿ ಬಿದ್ದುಹೋಗಿದ್ದರೆ ಅದನ್ನೇ ಮತ್ತೆ ಜಾಗದಲ್ಲಿಟ್ಟು ಕಟ್ಟಬಹುದು. ಇಲ್ಲವಾದರೆ ದನದ ಮೂಳೆಯನ್ನು ಹಲ್ಲಿನ ಆಕಾರಕ್ಕೆ ಕೆತ್ತಿ, ಖಾಲಿ ಜಾಗದಲ್ಲಿಟ್ಟು ಹೀಗೆಯೇ ಬಿಗಿಯಬಹುದು. ಇದು ಬಹಳ ಕಾಲ ಬಾಳುತ್ತದೆ ಎನ್ನುತ್ತಾರೆ.

ಬೆಳ್ಳಿ ಬೇಡ, ಚಿನ್ನವೇ ಆಗಲಿ ಎನ್ನುವುದಕ್ಕೆ ಕಾರಣ ನೇರವಾಗಿದೆ: ಬೆಳ್ಳಿ ಕೆಲವು ದಿನಗಳಲ್ಲಿ ಹಸಿರುಗಟ್ಟಿ ಕೆಡುತ್ತದೆ, ಚಿನ್ನ ಬದಲಾಗುವುದಿಲ್ಲ. (ಬೆಳ್ಳಿ ಕಪ್ಪಾಗುವುದನ್ನು ನಾವು ಲ್ಯಾಬಿನಲ್ಲಿ ನೋಡಿದ್ದೇವೆ. ಹಸಿರಾಗಿದ್ದು ಬಹುಶಃ ಅದರಲ್ಲಿ ಬೆರೆತ ತಾಮ್ರದಿಂದ.) ಪುರುಷರಿಗೆ ಚಿನ್ನ ಸಲ್ಲುತ್ತದೆಯೇ ಎಂದು ನಮ್ಮ ತರಗತಿಯಲ್ಲಿ ಒಬ್ಬ ಕೇಳಿದ. ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜಾ ಅವರು ಬೆಳ್ಳಿಯ ಮೂಗು ಹಾಕಿಸಿಕೊಂಡು, ಅದು ವಾಸನೆ ಬಂದಾಗ ಪ್ರವಾದಿ ಮುಹಮ್ಮದ್ (ಸ) ಅವರು ಚಿನ್ನದ್ದನ್ನು ಮಾಡಿಸಿಕೊಳ್ಳಲು ಹೇಳಿದ ಪ್ರಸಂಗ ತಿರ್ಮಿದಿ ಮತ್ತು ಅಬೂದಾವೂದ್ ಸಂಗ್ರಹಗಳಲ್ಲಿದೆ. ಹಲ್ಲಿಗೆ ಚಿನ್ನ ಕಟ್ಟಿಸಿಕೊಂಡ ವಿದ್ವಾಂಸರಿಗೆ ಇದೇ ಆಧಾರವೆಂದು ಇಮಾಮ್ ತಿರ್ಮಿದಿ ಅಲ್ಲಿಯೇ ಹೇಳಿದ್ದಾರೆ.

ಹಾಗಾದರೆ ಇದು ಇಂಪ್ಲಾಂಟ್ ಯಾಕಲ್ಲ? ಆ ಮೂಳೆಯ ಹಲ್ಲಿಗೆ ಬೇರು ಇಲ್ಲ. ಅದರ ಭಾರವೆಲ್ಲ ಅಕ್ಕಪಕ್ಕದ ಹಲ್ಲುಗಳ ಮೇಲೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಬ್ರಿಡ್ಜ್‌ಗೆ ಹತ್ತಿರ. ಇಂಪ್ಲಾಂಟ್‌ನಲ್ಲಿ ಟೈಟಾನಿಯಂ ತಿರುಪನ್ನು ದವಡೆಯ ಮೂಳೆಯೊಳಗೇ ಕೂರಿಸುತ್ತಾರೆ. ಕೆಲವು ತಿಂಗಳಲ್ಲಿ ಮೂಳೆ ಅದಕ್ಕೆ ಬೆಸೆದುಕೊಂಡು ಬೇರಿನಂತೆ ಹಿಡಿಯುತ್ತದೆ. ಆಮೇಲೆ ಅದರ ಮೇಲೆ ಕೃತಕ ಹಲ್ಲನ್ನು ಜೋಡಿಸುತ್ತಾರೆ. ಪಕ್ಕದ ಹಲ್ಲಿನ ಹಂಗಿಲ್ಲ. ಟೈಟಾನಿಯಂ ಮೂಳೆಗೆ ಹೀಗೆ ಬೆಸೆಯುತ್ತದೆ ಎಂಬುದು 1950ರ ದಶಕದಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವಿಜ್ಞಾನಿಗೆ ಮೊಲದ ಕಾಲಿನ ಮೂಳೆಯ ಪ್ರಯೋಗದಲ್ಲಿ ಗೊತ್ತಾಯಿತು. 1965ರಲ್ಲಿ ಅವರು ಮೊದಲ ರೋಗಿಗೆ ಅದನ್ನು ಅಳವಡಿಸಿದರು. ಚಿನ್ನದ ತಂತಿಯ ಕಟ್ಟು ಕೂಡ ಅಲ್-ಝಹ್ರಾವಿಯಿಂದ ಶುರುವಾದದ್ದಲ್ಲ. ಅವರಿಗಿಂತ ಸಾವಿರ ವರ್ಷಕ್ಕೂ ಹಿಂದಿನ, ತಂತಿ ಸುತ್ತಿದ ಹಲ್ಲುಗಳಿರುವ ದವಡೆ ಲೆಬನಾನಿನ ಸೈದಾದಲ್ಲಿ ಸಿಕ್ಕಿದೆ. ಅವರ ಹಿರಿಮೆ ಬೇರೆ ಕಡೆ ಇದೆ. ಕೈಕೆಲಸದವರ ನಡುವೆಯೇ ಉಳಿದುಬಿಡುತ್ತಿದ್ದ ಕಸುಬನ್ನು ಅವರು ಅಳತೆ, ಚಿತ್ರ, ಎಚ್ಚರಿಕೆ ಸಮೇತ ಪುಸ್ತಕಕ್ಕೆ ತಂದರು. ಮೊದಲು ಹಲ್ಲು ಉಳಿಸಿ, ಆಗದಿದ್ದರೆ ಕಟ್ಟಿ ಎಂಬ ಕ್ರಮವನ್ನು ಇಟ್ಟರು. ಇಂಪ್ಲಾಂಟ್ ಎಂದು ಬರೆದರೆ ಇದೆಲ್ಲ ಆ ಒಂದು ಪದದ ಹಿಂದೆ ಮರೆಯಾಗುತ್ತದೆ.

ಅವರ ಕೊನೆಯ ವರ್ಷಗಳು ಕಷ್ಟದವು. 1009ರಲ್ಲಿ ಅಂದಲುಸ್‌ನಲ್ಲಿ ಅಂತರ್ಯುದ್ಧ ಶುರುವಾಯಿತು. ಮದೀನತುಝ್ಝಹ್ರಾ ಲೂಟಿಯಾಗಿ ಪಾಳುಬಿತ್ತು. ಅವರೂ ಆ ನಗರವೂ ಹೆಚ್ಚುಕಡಿಮೆ ಒಟ್ಟಿಗೆ ಹುಟ್ಟಿ ಒಟ್ಟಿಗೆ ಮುಗಿದಂತೆ. ಅವರು ತೀರಿಕೊಂಡದ್ದು 1013ರ ಸುಮಾರಿಗೆ. ಗ್ರಂಥ ಮಾತ್ರ ಊರು ಬಿಟ್ಟು ಹೊರಟಿತು. 12ನೇ ಶತಮಾನದಲ್ಲಿ ತೊಲೆದೊ ನಗರದಲ್ಲಿ ಕ್ರೆಮೋನಾದ ಜೆರಾರ್ಡ್ ಅದರ ಶಸ್ತ್ರಚಿಕಿತ್ಸೆಯ ಭಾಗವನ್ನು ಲ್ಯಾಟಿನ್‌ಗೆ ತಂದರು. ಯುರೋಪಿನವರ ಬಾಯಲ್ಲಿ ಅವರು ಅಲ್ಬುಕಾಸಿಸ್ ಆದರು. 1465ರಲ್ಲಿ ಅಮಾಸ್ಯಾದ ಸಬುಂಜುಓಗ್ಲು ಎಂಬ ವೈದ್ಯರು ಅದನ್ನೇ ಆಧಾರವಾಗಿಟ್ಟುಕೊಂಡು ತುರ್ಕಿ ಭಾಷೆಯಲ್ಲಿ ಬರೆದು, ವೈದ್ಯ ಮತ್ತು ರೋಗಿ ಇಬ್ಬರೂ ಇರುವ ಬಣ್ಣದ ಚಿತ್ರಗಳನ್ನು ಸೇರಿಸಿದರು. 1497ರಲ್ಲಿ ವೆನಿಸ್‌ನಲ್ಲಿ ಲ್ಯಾಟಿನ್ ಅನುವಾದ ಅಚ್ಚಾಯಿತು. 1778ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಅರಬಿ ಮತ್ತು ಲ್ಯಾಟಿನ್ ಎರಡೂ ಒಟ್ಟಿಗೆ ಬಂದವು. ಶಸ್ತ್ರಚಿಕಿತ್ಸೆಯ ಭಾಗ ಪೂರ್ತಿಯಾಗಿ ಇಂಗ್ಲಿಷಿಗೆ ಬಂದದ್ದು 1973ರಲ್ಲಿ.

ಪಾಳುಬಿದ್ದ ಮದೀನತುಝ್ಝಹ್ರಾವನ್ನು 1911ರಿಂದ ಅಗೆಯುತ್ತಿದ್ದಾರೆ. 2018ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಗರದ ಬಹುಭಾಗ ಇನ್ನೂ ಮಣ್ಣಿನಡಿಯಲ್ಲೇ ಇದೆ.