ಲೂಯಿಸ್ ಫ್ರೈ ರಿಚರ್ಡ್‌ಸನ್

ಲೂಯಿಸ್ ಫ್ರೈ ರಿಚರ್ಡ್‌ಸನ್ (ಅಕ್ಟೋಬರ್ 11, 1881 – ಸೆಪ್ಟೆಂಬರ್ 30, 1953) ಇಂಗ್ಲೆಂಡಿನ ಗಣಿತಜ್ಞ, ಭೌತವಿಜ್ಞಾನಿ ಮತ್ತು ಪವನಶಾಸ್ತ್ರಜ್ಞ. ವಾತಾವರಣದ ಚಲನೆಯನ್ನು ಸಮೀಕರಣಗಳ ಮೂಲಕ ಲೆಕ್ಕಹಾಕಿ ಹವಾಮಾನವನ್ನು ಮುಂಚಿತವಾಗಿ ತಿಳಿಯುವ ಸಂಖ್ಯಾತ್ಮಕ ವಿಧಾನವನ್ನು ರೂಪಿಸಿದವರು. ಅವರು ಮಾಡಿದ ಮೊದಲ ಲೆಕ್ಕ ಸಂಪೂರ್ಣ ತಪ್ಪಾಗಿತ್ತು. ಆದರೂ ಮಳೆ, ಬಿರುಗಾಳಿ, ಹಿಮಪಾತಗಳ ಇಂದಿನ ಮುನ್ಸೂಚನೆಗಳಿಗೆ ಅದೇ ವಿಧಾನ ಆಧಾರವಾಗಿದೆ.

ಜನನ ಮತ್ತು ಶಿಕ್ಷಣ

ರಿಚರ್ಡ್‌ಸನ್ ಅವರು ನ್ಯೂಕ್ಯಾಸಲ್ ನಗರದ ಕ್ವೇಕರ್ ಕುಟುಂಬವೊಂದರಲ್ಲಿ ಏಳು ಮಕ್ಕಳಲ್ಲಿ ಕಿರಿಯರಾಗಿ ಜನಿಸಿದರು. ಯುದ್ಧವನ್ನು ವಿರೋಧಿಸುವ ಆ ಪಂಥದ ನಿಲುವು ಅವರ ಜೀವನದುದ್ದಕ್ಕೂ ಪ್ರಭಾವ ಬೀರಿತು. ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜಿನಲ್ಲಿ ವಿಜ್ಞಾನ ಪದವಿ ಪಡೆದರು. 1913ರಲ್ಲಿ ಬ್ರಿಟಿಷ್ ಹವಾಮಾನ ಇಲಾಖೆಯನ್ನು ಸೇರಿ, ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್ ವೀಕ್ಷಣಾಲಯದ ಮೇಲ್ವಿಚಾರಕರಾದರು.

ಯುದ್ಧಭೂಮಿಯಲ್ಲಿ ಮುನ್ಸೂಚನೆ

ಅಂದಿನ ಮುನ್ಸೂಚಕರು ಆ ದಿನದ ಹವಾಮಾನ ನಕ್ಷೆಯನ್ನು ಹಳೆಯ ನಕ್ಷೆಗಳೊಂದಿಗೆ ಹೋಲಿಸಿ ಮುಂದಿನ ಸ್ಥಿತಿಯನ್ನು ಊಹಿಸುತ್ತಿದ್ದರು. ವಾತಾವರಣ ಹಿಂದಿನಂತೆಯೇ ಮರುಕಳಿಸುತ್ತದೆ ಎಂಬುದನ್ನು ರಿಚರ್ಡ್‌ಸನ್ ಒಪ್ಪಲಿಲ್ಲ. ಭೂಪ್ರದೇಶವನ್ನು ಚೌಕಗಳಾಗಿ, ಗಾಳಿಯನ್ನು ಪದರಗಳಾಗಿ ವಿಂಗಡಿಸಿ ಪ್ರತಿಯೊಂದರ ಒತ್ತಡ, ಉಷ್ಣತೆ, ತೇವಾಂಶ ಮತ್ತು ಗಾಳಿಯ ವೇಗವನ್ನು ಲೆಕ್ಕಹಾಕುವ ಕ್ರಮವನ್ನು ರೂಪಿಸಿದರು.

1916ರಲ್ಲಿ ಹುದ್ದೆಗೆ ರಾಜೀನಾಮೆ ನೀಡಿ, ಕ್ವೇಕರರು ಸ್ಥಾಪಿಸಿದ್ದ ಆಂಬುಲೆನ್ಸ್ ದಳವನ್ನು ಸೇರಿದರು. ಫ್ರಾನ್ಸಿನಲ್ಲಿ ಗಾಯಾಳುಗಳನ್ನು ಸಾಗಿಸುವ ವಾಹನದ ಚಾಲಕರಾಗಿ 1919ರವರೆಗೆ ಸೇವೆ ಸಲ್ಲಿಸಿದರು. ಬಿಡುವಿನ ವೇಳೆಯಲ್ಲಿ, ತಣ್ಣಗೆ ತೇವಗೊಂಡ ಬಿಡಾರದಲ್ಲಿ ಹುಲ್ಲಿನ ರಾಶಿಯನ್ನೇ ಮೇಜಾಗಿಸಿಕೊಂಡು ಲೆಕ್ಕ ಮಾಡುತ್ತಿದ್ದರು. 1917ರ ಏಪ್ರಿಲ್‌ನಲ್ಲಿ ಶಾಂಪೇನ್ ಕದನದ ಸಮಯದಲ್ಲಿ ಕಳೆದುಹೋದ ಅವರ ಹಸ್ತಪ್ರತಿ, ಕೆಲವು ತಿಂಗಳ ನಂತರ ಬೆಲ್ಜಿಯಂನಲ್ಲಿ ಕಲ್ಲಿದ್ದಲಿನ ರಾಶಿಯ ಕೆಳಗೆ ಪತ್ತೆಯಾಯಿತು.

ಪರೀಕ್ಷೆಗಾಗಿ ಅವರು ಆಯ್ದುಕೊಂಡದ್ದು 1910ರ ಮೇ 20ರಂದು ಮಧ್ಯ ಯುರೋಪಿನಲ್ಲಿ ದಾಖಲಾದ ಮಾಹಿತಿ. ಆರು ಗಂಟೆಗಳಲ್ಲಿ ವಾಯುಒತ್ತಡ 145 ಹೆಕ್ಟೋಪ್ಯಾಸ್ಕಲ್ ಏರುತ್ತದೆ ಎಂದು ಲೆಕ್ಕ ತೋರಿಸಿತು. ವಾಸ್ತವದಲ್ಲಿ ಅಂದು ಒತ್ತಡ ಹೆಚ್ಚುಕಡಿಮೆ ಸ್ಥಿರವಾಗಿತ್ತು. ರಿಚರ್ಡ್‌ಸನ್ ಈ ವೈಫಲ್ಯವನ್ನು ಮುಚ್ಚಿಡದೆ, 1922ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಪೂರ್ಣ ವಿವರಗಳೊಂದಿಗೆ ದಾಖಲಿಸಿದರು. ಗಾಳಿಯ ಆರಂಭಿಕ ಮಾಹಿತಿಯಲ್ಲಿಯೇ ದೋಷವಿರಬೇಕೆಂದು ಅವರು ಶಂಕಿಸಿದ್ದರು. ಆರಂಭಿಕ ಒತ್ತಡ ಮತ್ತು ಗಾಳಿಯ ಅಂಕಿಗಳ ನಡುವಿನ ಅಸಮತೋಲನವನ್ನು ಸರಿಪಡಿಸಿದರೆ ಅದೇ ಸಮೀಕರಣಗಳು ಒಪ್ಪತಕ್ಕ ಉತ್ತರ ನೀಡುತ್ತವೆ ಎಂದು ನಂತರದ ಸಂಶೋಧನೆ ತೋರಿಸಿತು.

ಹವಾಮಾನ ಬದಲಾಗುವಷ್ಟೇ ವೇಗವಾಗಿ ಲೆಕ್ಕ ಮುಗಿಸಲು 64,000 ಜನ ಬೇಕಾಗುತ್ತಾರೆಂದು ಅವರು ಅಂದಾಜಿಸಿದ್ದರು.

ನಂತರದ ಜೀವನ

1920ರಲ್ಲಿ ಹವಾಮಾನ ಇಲಾಖೆ ವಾಯುಪಡೆಯ ಸಚಿವಾಲಯದ ಅಧೀನಕ್ಕೆ ಬಂದಾಗ, ರಿಚರ್ಡ್‌ಸನ್ ತಮ್ಮ ಶಾಂತಿವಾದಿ ನಿಲುವಿಗೆ ಬದ್ಧರಾಗಿ ಮತ್ತೊಮ್ಮೆ ರಾಜೀನಾಮೆ ನೀಡಿದರು. 1926ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. 1929ರಿಂದ 1940ರವರೆಗೆ ಪೇಯ್ಸ್‌ಲಿಯ ತಾಂತ್ರಿಕ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಯುದ್ಧಗಳ ಕಾರಣಗಳನ್ನು ಗಣಿತದ ಮೂಲಕ ಅಧ್ಯಯನ ಮಾಡುವುದರಲ್ಲಿ ಕೊನೆಯ ವರ್ಷಗಳನ್ನು ಕಳೆದರು.

ಪ್ರಭಾವ

1950ರಲ್ಲಿ ಅಮೆರಿಕದ ವಿಜ್ಞಾನಿಗಳು ಎನಿಯಾಕ್ ಗಣಕಯಂತ್ರದ ನೆರವಿನಿಂದ ಹವಾಮಾನ ಮುನ್ಸೂಚನೆಯ ಲೆಕ್ಕದಲ್ಲಿ ಯಶಸ್ವಿಯಾದರು. ಇಪ್ಪತ್ನಾಲ್ಕು ಗಂಟೆಗಳ ಮುನ್ಸೂಚನೆಗೆ ಆಗ ಸುಮಾರು ಅಷ್ಟೇ ಸಮಯ ಹಿಡಿಯಿತು. ಆ ಫಲಿತಾಂಶಗಳನ್ನು ರಿಚರ್ಡ್‌ಸನ್ ಅವರಿಗೆ ಕಳುಹಿಸಲಾಯಿತು ಮತ್ತು ಅವರು ಅದನ್ನು ಸ್ವಾಗತಿಸಿದರು. ಮೂರು ವರ್ಷಗಳ ನಂತರ ಸ್ಕಾಟ್ಲೆಂಡಿನ ಕಿಲ್‌ಮನ್‌ನಲ್ಲಿ ನಿಧನರಾದರು.