ಎರಡು ಪಟ್ಟಿ ಹೋಲಿಸಿದ ಕ್ಯಾಂಟರ್

ರಾಜ್ಯೋತ್ಸವದ ಊಟಕ್ಕೆ ಹೆಸರು ಕೊಟ್ಟವರದ್ದು ಒಂದು ಪಟ್ಟಿ, ದುಡ್ಡು ಕಟ್ಟಿದವರದ್ದು ಇನ್ನೊಂದು. ಬಾಕಿ ಇರೋರು ಯಾರು ಅಂತ ಹುಡುಕೋಕೆ ನಾವು ಜಾವಾದಲ್ಲಿ ಪುಟ್ಟ ಪ್ರೋಗ್ರಾಮ್ ಬರೆದೆವು. ಎರಡೂ ಪಟ್ಟಿಯಲ್ಲಿ ಸ್ಟೂಡೆಂಟ್ ಆಬ್ಜೆಕ್ಟ್‌ಗಳು. ಮೊದಲನೆಯದರಿಂದ ಎರಡನೆಯದನ್ನು ರಿಮೂವ್‌ಆಲ್ ಮಾಡಿದರೆ ಮುಗೀತು ಅಂದುಕೊಂಡೆವು. ರನ್ ಮಾಡಿದರೆ ಒಂದು ಹೆಸರೂ ಹೋಗಿಲ್ಲ! ಎಲ್ಲರಿಗಿಂತ ಮೊದಲು ದುಡ್ಡು ಕಟ್ಟಿದ ನಾವೇ ಬಾಕಿದಾರರು.

ಆ ತಪ್ಪು ಹುಡುಕ್ತಾ ಇರುವಾಗ ನೆನಪಾದವರು ಜಾರ್ಜ್ ಕ್ಯಾಂಟರ್. ಗಣಿತದಲ್ಲಿ ಸೆಟ್, ಅಂದರೆ ಗಣಗಳ ಸಿದ್ಧಾಂತ ಕಟ್ಟಿದವರು. ಜಾವಾದ ಸೆಟ್‌ಗೂ ಹೆಸರು ಬಂದದ್ದು ಆ ಗಣಿತದಿಂದಲೇ.

ಕ್ಯಾಂಟರ್ ಹುಟ್ಟಿದ್ದು 1845ರ ಮಾರ್ಚ್ 3ರಂದು, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. 11 ವರ್ಷದವರಿದ್ದಾಗ ಕುಟುಂಬ ಜರ್ಮನಿಗೆ ಬಂತು. ವ್ಯಾಪಾರಿಯಾಗಿದ್ದ ಅಪ್ಪನಿಗೆ ಮಗ ಇಂಜಿನಿಯರ್ ಆಗಲಿ ಅನ್ನೋ ಆಸೆ. ಈ ಕಥೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರೋದೇ! ಆದರೆ ಹುಡುಗನ ಮನಸ್ಸೆಲ್ಲ ಗಣಿತದಲ್ಲಿತ್ತು. 1862ರಲ್ಲಿ ಅಪ್ಪ ಒಪ್ಪಿದರು. ಮರುವರ್ಷವೇ ತೀರಿಕೊಂಡರು. ಮಗ ಬರ್ಲಿನ್‌ನಲ್ಲಿ ಓದಿ 1867ರಲ್ಲಿ ಡಾಕ್ಟರೇಟ್ ಪಡೆದರು, 1869ರಲ್ಲಿ ಹಾಲೆ ಎಂಬ ಊರಿನ ವಿಶ್ವವಿದ್ಯಾಲಯಕ್ಕೆ ಪಾಠ ಮಾಡಲು ಹೋದರು. ಬರ್ಲಿನ್‌ನಲ್ಲಿ ಕೆಲಸ ಸಿಗಬೇಕು ಅಂತ ತುಂಬಾ ಆಸೆಪಟ್ಟರೂ ಕೊನೆವರೆಗೂ ಹಾಲೆಯಲ್ಲೇ ಉಳಿದರು.

ಅವರನ್ನು ಕಾಡಿದ ಪ್ರಶ್ನೆ ಕೇಳೋಕೆ ಸುಲಭ: ಮುಗಿಯದ ಎರಡು ಪಟ್ಟಿಗಳನ್ನು ಹೋಲಿಸೋದು ಹೇಗೆ? ಎಣಿಸೋಕಂತೂ ಆಗಲ್ಲ. ಮದುವೆ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಎಷ್ಟು ಎಲೆ, ಎಷ್ಟು ಜನ ಅಂತ ಯಾರೂ ಲೆಕ್ಕ ಹಾಕಬೇಕಿಲ್ಲ. ಒಂದೊಂದು ಎಲೆಗೆ ಒಬ್ಬೊಬ್ಬರು ಕೂತಾಗ ಎಲೆಯೂ ಉಳಿಯಲಿಲ್ಲ, ಜನರೂ ಉಳಿಯಲಿಲ್ಲ ಅಂದರೆ ಎರಡೂ ಸಮ. ಕ್ಯಾಂಟರ್ ಇದನ್ನೇ ನಿಯಮ ಮಾಡಿಕೊಂಡರು. 1ಕ್ಕೆ 2, 2ಕ್ಕೆ 4, 3ಕ್ಕೆ 6 ಅಂತ ಜೋಡಿಸುತ್ತಾ ಹೋದರೆ ಎಣಿಕೆಯ ಸಂಖ್ಯೆಗಳೂ ಸಮಸಂಖ್ಯೆಗಳೂ ಸರಿಸಮ! ಆದರೆ ಮೊದಲ ಗುಂಪಿನಿಂದ ಎರಡನೆಯದನ್ನು ಕಳೆದರೆ ಬೆಸಸಂಖ್ಯೆಗಳೆಲ್ಲ ಹಾಗೇ ಉಳಿಯುತ್ತವೆ. ಅವೇ ಎರಡು ಪಟ್ಟಿ, ಉತ್ತರ ಬೇರೆ. ಯಾವುದನ್ನು ಸಮ ಅಂತ ಕರೀತೀವಿ ಅನ್ನೋದನ್ನ ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಹಾಗಾದರೆ ಎಲ್ಲ ಅನಂತವೂ ಒಂದೇನಾ? ಅಲ್ಲ ಅಂತ 1874ರಲ್ಲಿ ತೋರಿಸಿದರು. 1891ರಲ್ಲಿ ಅದಕ್ಕೆ ಇನ್ನೂ ಸರಳವಾದ ಸಾಧನೆ ಕೊಟ್ಟರು. 0 ಮತ್ತು 1ರ ಮುಗಿಯದ ಸಾಲುಗಳನ್ನು ಒಂದರ ಕೆಳಗೊಂದು ಬರೆಯಿರಿ. ಮೊದಲ ಸಾಲಿನ ಮೊದಲ ಅಂಕಿ, ಎರಡನೇ ಸಾಲಿನ ಎರಡನೇ ಅಂಕಿ, ಹೀಗೆ ಓರೆಯಾಗಿ ಇಳಿಯುತ್ತಾ ಪ್ರತಿಯೊಂದನ್ನೂ ತಿರುಗಿಸಿ ಬರೆಯಿರಿ. ಹುಟ್ಟುವ ಹೊಸ ಸಾಲು ಪಟ್ಟಿಯ ಪ್ರತಿ ಸಾಲಿಗಿಂತ ಒಂದು ಜಾಗದಲ್ಲಾದರೂ ಬೇರೆ. ಅಂದರೆ ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ. ಎಷ್ಟೇ ಉದ್ದದ ಪಟ್ಟಿ ಮಾಡಿದರೂ ಒಂದು ಹೊರಗೆ ಉಳಿಯುತ್ತೆ.

ಇದನ್ನು ಎಲ್ಲರೂ ಒಪ್ಪಲಿಲ್ಲ. ಬರ್ಲಿನ್‌ನ ಪ್ರಭಾವಿ ಗಣಿತಜ್ಞ, ಒಮ್ಮೆ ಅವರಿಗೆ ಪಾಠ ಹೇಳಿದ್ದ ಕ್ರೋನೆಕರ್ ಬಲವಾಗಿ ವಿರೋಧಿಸಿದರು. 1884ರಲ್ಲಿ ಕ್ಯಾಂಟರ್‌ಗೆ ಮೊದಲ ಸಲ ಮಾನಸಿಕವಾಗಿ ತೀವ್ರ ಕುಸಿತವಾಯಿತು. ಅದು ವಿರೋಧದಿಂದಲೇ ಬಂತು ಅನ್ನೋದು ಸರಿಯಲ್ಲ. ಅದೊಂದು ಕಾಯಿಲೆ, ಆಮೇಲೂ ಮರುಕಳಿಸುತ್ತಿತ್ತು. ಆದರೂ ಅವರು ಸುಮ್ಮನೆ ಕೂರಲಿಲ್ಲ. 1890ರಲ್ಲಿ ಜರ್ಮನ್ ಗಣಿತಜ್ಞರ ಸಂಘ ಕಟ್ಟೋಕೆ ಮುಂದಾಗಿ ಅದರ ಮೊದಲ ಅಧ್ಯಕ್ಷರಾದರು. 1899ರಲ್ಲಿ ಕಿರಿಯ ಮಗ ತೀರಿಕೊಂಡ. 1904ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಸಿಲ್ವೆಸ್ಟರ್ ಪದಕ ಕೊಟ್ಟಿತು. ಹಿಲ್ಬರ್ಟ್‌ರಂಥ ದೊಡ್ಡವರು ಅವರ ಪರ ನಿಂತರು. ಕೊನೆಯ ದಿನಗಳು ಮಾತ್ರ ಕಷ್ಟದವು. ಮಹಾಯುದ್ಧದ ಕಾಲ, ಊಟಕ್ಕೂ ತತ್ವಾರ. ಮನೆಗೆ ಕರೆದುಕೊಂಡು ಹೋಗಿ ಅಂತ ಆಸ್ಪತ್ರೆಯಿಂದ ಹೆಂಡತಿಗೆ ಬರೀತಿದ್ದ ಅವರು 1918ರ ಜನವರಿ 6ರಂದು ಅಲ್ಲೇ ತೀರಿಕೊಂಡರು.

ನಮ್ಮ ತಪ್ಪೂ ಕ್ಯಾಂಟರ್ ಪ್ರಶ್ನೆಯಲ್ಲೇ ಇತ್ತು. ಎರಡು ಸ್ಟೂಡೆಂಟ್ ಆಬ್ಜೆಕ್ಟ್ ಸಮ ಅಂದರೇನು ಅಂತ ನಾವು ಜಾವಾಗೆ ಹೇಳಿರಲೇ ಇಲ್ಲ. ಹೇಳದಿದ್ದರೆ ಮೆಮೊರಿಯಲ್ಲಿ ಎರಡೂ ಒಂದೇ ಆಬ್ಜೆಕ್ಟಾ ಅಂತ ಮಾತ್ರ ಅದು ನೋಡುತ್ತೆ. ಹೆಸರು, ಸೆಕ್ಷನ್ ಎಲ್ಲ ಒಂದೇ ಇದ್ದರೂ ಬೇರೆ ಬೇರೆಯಾಗಿ ಸೃಷ್ಟಿಸಿದ ಆಬ್ಜೆಕ್ಟ್‌ಗಳು ಅದಕ್ಕೆ ಬೇರೆಯವೇ. ಯುಎಸ್‌ಎನ್ ಒಂದೇ ಆದರೆ ವಿದ್ಯಾರ್ಥಿಯೂ ಒಬ್ಬರೇ ಅಂತ ಈಕ್ವಲ್ಸ್ ಬರೆದೆವು. ಅದೇ ಯುಎಸ್‌ಎನ್‌ನಿಂದ ಹ್ಯಾಶ್‌ಕೋಡ್ ಕೂಡ ಬರೆದೆವು, ಇಲ್ಲದಿದ್ದರೆ ಹ್ಯಾಶ್‌ಸೆಟ್ ತಪ್ಪು ಜಾಗದಲ್ಲಿ ಹುಡುಕುತ್ತೆ. ದುಡ್ಡು ಕಟ್ಟಿದವರನ್ನು ಹ್ಯಾಶ್‌ಸೆಟ್‌ಗೆ ಹಾಕಿ ಮತ್ತೆ ಕಳೆದೆವು. ತಿರುಗಾಮುರುಗಾ ಮಾಡಿಯೂ ಒಂದು ಸಲ ನೋಡಿದೆವು: ಹೆಸರೇ ಕೊಡದೆ ದುಡ್ಡು ಕಟ್ಟಿದ ಇಬ್ಬರು ಸಿಕ್ಕರು. ಅವರಿಗೂ ಎಲೆ ಹಾಕಬೇಕಲ್ಲ! ಬಾಕಿ ಇದ್ದವರು ಏಳೇ ಜನ. ನಮ್ಮ ಹೆಸರು ಅದರಲ್ಲಿ ಇರಲಿಲ್ಲ.